ಸಾಹೇಬರು ಮಾನವಶಾಸ್ತ್ರ ಓದಿದ್ದು

ಕಣ್ಣಿದ್ದವರೆಲ್ಲ ನೋಡುತ್ತಾರೆ ಎಂದುಕೊಳ್ಳುವುದು ಶುದ್ಧ ತಪ್ಪು. ನಿಜವಾಗಿ ನೋಡುವವರು ಊರಿಗೊಬ್ಬರು ಇದ್ದರೆ ಹೆಚ್ಚು. ಆ ಒಬ್ಬರು ತಾವೇ. ಇದರಲ್ಲಿ ಸಾಹೇಬರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಾಹೇಬರೆಂದರೆ ಯಾವ ದರ್ಬಾರಿನ ಸಾಹೇಬರೂ ಅಲ್ಲ, ವಾಹನ ವಿಮಾ ಕಂಪನಿಯ ಸರ್ವೆಯರ್. ಎಲ್ಲಾದರೂ ಕಾರು ಕಾರಿಗೆ ಗುದ್ದಿದರೆ ಇವರು ಹೋಗಿ, ನಜ್ಜುಗುಜ್ಜಾದ ತಗಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಪ್ಪು ಯಾರದು, ಶೇಕಡ ಎಷ್ಟು ಎಂದು ವರದಿ ಬರೆಯಬೇಕು. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿ, ಬಂಪರಿನ ಮೇಲಿನ ಗೀರು ನೋಡಿಯೇ ಗುದ್ದುವ ಹೊತ್ತಿಗೆ ಡ್ರೈವರು ಫೋನಿನಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಿದ್ದನೋ ರಾಜಿಯಾಗುತ್ತಿದ್ದನೋ ಹೇಳುವಷ್ಟು ಪಳಗಿದ್ದರು (ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಬೇರೆ ಯಾರೂ ಹೇಳಿದ್ದು ಕೇಳಿಲ್ಲ).

ಇಂಥವರ ಕಣ್ಣಿಗೆ ಬೇಸಿಗೆಯ ಶುರುವಿನಲ್ಲಿ ಒಂದು ಜಾಹೀರಾತು ಬಿತ್ತು. ಯಾವುದೋ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಬೇಸಿಗೆ ಕೋರ್ಸು ನಡೆಸುತ್ತದಂತೆ. ಇತಿಹಾಸ, ತತ್ವಶಾಸ್ತ್ರ, ನಾಲ್ಕಾರು ಭಾಷೆಗಳು. ಬರೀ ಆರು ವಾರ. ಯಾವ ವಯಸ್ಸಿನವರಾದರೂ ಸೇರಬಹುದು. ಪಟ್ಟಿಯ ಕೊನೆಯಲ್ಲಿ ಹೀಗಿತ್ತು: "ಮಾನವಶಾಸ್ತ್ರ ಪ್ರವೇಶ: ದಿನನಿತ್ಯದ ಬದುಕನ್ನು ನೋಡುವ ಕಲೆ."

"ನೋಡುವ ಕಲೆಯಂತೆ!" ಸಾಹೇಬರು ಊಟದ ಮೇಜಿಗೆ ಒಂದು ಗುದ್ದು ಕೊಟ್ಟರು. "ನನಗೆ ನೋಡೋದು ಕಲಿಸ್ತಾರಂತೆ! ಇರಲಿ, ಸೇರ್ಕೊಂಡು ಅವರಿಗೇ ನಾಲ್ಕು ವಿಷಯ ಹೇಳಿಕೊಟ್ಟು ಬರ್ತೀನಿ."

"ಚೆನ್ನಾಗಿದೆಯಲ್ಲ ರೀ. ನಾನೂ ಸೇರ್ಲಾ?" ಎಂದಳು ಹೆಂಡತಿ.

ಆಕೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೊರಗಿನ ಮೇಜಿಗೆ ಕೂತು ಸರದಿ ಚೀಟಿ ಕೊಡುವವಳು. ಯಾರು ನಿಜವಾಗಿ ಹಲ್ಲುನೋವಿನಿಂದ ಬಂದಿದ್ದಾರೆ, ಯಾರು ಆಫೀಸಿಗೆ ಚಕ್ಕರ್ ಹಾಕಲು ದವಡೆ ಹಿಡಿದುಕೊಂಡಿದ್ದಾರೆ ಎಂದು ಬಾಗಿಲಲ್ಲೇ ಹೇಳಬಲ್ಲಳು. ಆದರೆ ಅದನ್ನು ಊರಿಗೆಲ್ಲ ಸಾರಿಕೊಂಡು ತಿರುಗುವ ಚಾಳಿ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಾಹೇಬರು ನಕ್ಕರು. ಕೆಟ್ಟ ನಗುವೇನಲ್ಲ, ಮಕ್ಕಳು ವಿಮಾನ ಓಡಿಸುತ್ತೇವೆ ಎಂದಾಗ ದೊಡ್ಡವರು ನಗುವ ನಗು. "ಇದು ವಿಶ್ವವಿದ್ಯಾಲಯ ಕಣೇ, ಧಾರಾವಾಹಿ ಅಲ್ಲ. ನಿನ್ನ ತಲೆಗೆಲ್ಲಿ ಹತ್ತುತ್ತೆ? ಅಂದ ಹಾಗೆ, ಓದೋಕೆ ನನಗೆ ಹಿಂದಿನ ಕೋಣೆ ಬೇಕು. ಅಲ್ಲಿಗೆ ಯಾರೂ ಬರೋ ಹಾಗಿಲ್ಲ."

ಹಿಂದಿನ ಕೋಣೆ ಎಂದ ಕೂಡಲೇ ಹೆಂಡತಿಯ ಕೈಯಲ್ಲಿದ್ದ ಚಮಚ ನಿಂತಿತು. ಆ ಕೋಣೆಯನ್ನು ಆಕೆ ಒಂಬತ್ತು ವರ್ಷದಿಂದ ಕೇಳುತ್ತಿದ್ದಳು. ದೊಡ್ಡ ಆಸೆ ಏನಲ್ಲ. ಒಂದು ಮೇಜು, ಒಂದು ಕುರ್ಚಿ, ದಿನಕ್ಕೊಂದು ಗಂಟೆ ಬಾಗಿಲು ಹಾಕಿಕೊಂಡು ತನ್ನ ಪಾಡಿಗೆ ತಾನು ಕೂರುವುದು, ಅಷ್ಟೆ. ಆದರೆ ಒಳಗೆ ಕಾಲಿಡಲು ಜಾಗ ಬೇಕಲ್ಲ? ಅಪಘಾತದ ಕಾರುಗಳಿಂದ ಕಳಚಿ, ಯಾರಿಗೂ ಬೇಡವಾಗಿ, ಸಾಹೇಬರಿಗೆ ಮಾತ್ರ ಬೇಕಾದ ವಸ್ತುಗಳೆಲ್ಲ ಅಲ್ಲಿದ್ದವು: ಮೂರು ಬಂಪರ್, ಒಡೆದ ಹೆಡ್‌ಲೈಟುಗಳ ಒಂದು ರಾಶಿ, ಎರಡು ಸ್ಟಿಯರಿಂಗು, ಒಂದು ಇಡೀ ಕಾರಿನ ಬಾಗಿಲು. ಕೇಳಿದರೆ "ಮುಂದೆ ಬೇಕಾಗುತ್ತೆ" ಎನ್ನುತ್ತಿದ್ದರು.

"ಒಂದು ಮಾತು," ಎಂದಳು ಹೆಂಡತಿ. "ನೀವು ಈ ಕೋರ್ಸಲ್ಲಿ ಫಸ್ಟ್ ಕ್ಲಾಸ್ ಬಂದ್ರೆ ಕೋಣೆ ನಿಮ್ಮದೇ, ನಾನಿನ್ನು ಅದರ ಸುದ್ದಿ ಎತ್ತಲ್ಲ. ಬರದಿದ್ರೆ ನನಗೆ ಬಿಟ್ಟುಕೊಡಬೇಕು."

"ಆಗಲಿ!" ಎಂದರು ಸಾಹೇಬರು, ಆಗಲೇ ಫಸ್ಟ್ ಕ್ಲಾಸ್ ಬಂದವರ ಗತ್ತಿನಲ್ಲಿ.

ಕಾಲೇಜಿಗೆ ಹೋಗುವ ಮಗಳು ಈ ಪಂದ್ಯವನ್ನೆಲ್ಲ ಸುಮ್ಮನೆ ಕೇಳಿಸಿಕೊಂಡಳು. ಅಪ್ಪ ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ತನ್ನ ಹಳೆಯ ಫೋನನ್ನು ಅಮ್ಮನ ಕೈಗಿತ್ತು, ಅದೇ ಕೋರ್ಸಿಗೆ ಅಮ್ಮನ ಹೆಸರನ್ನೂ ನೋಂದಾಯಿಸಿದಳು. ಅಪ್ಪನಿಗೆ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ಹೀಗೆ ಒಂದೇ ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳಾದರು. ಸಾಹೇಬರು ಹಿಂದಿನ ಕೋಣೆಯಲ್ಲಿ ಯಾವುದೋ ಕಾರಿನ ಸೀಟಿನ ಮೇಲೆ ಆಸೀನರಾಗಿ, ಇಡೀ ಕಟ್ಟಡಕ್ಕೆ ಕೇಳುವಂತೆ ಪಾಠ ಹಾಕುತ್ತಿದ್ದರು. ಹೆಂಡತಿ ಕ್ಲಿನಿಕ್ಕಿನಿಂದ ಬಂದು, ಕೆಲಸ ಮುಗಿಸಿ, ತಾರಸಿಯ ಮೆಟ್ಟಿಲ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು.

"ಏನು ಹಾಡು ಕೇಳ್ತಿದೀಯೇ, ಮುಖ ಇಷ್ಟು ಗಂಭೀರ ಮಾಡ್ಕೊಂಡು?" ಎಂದು ಒಮ್ಮೆ ಕೇಳಿದರು.

"ಹಳೇ ಹಾಡು ರೀ," ಎಂದಳು. ನೋಡುವ ಕಲೆಯ ವಿದ್ಯಾರ್ಥಿ ಅಷ್ಟಕ್ಕೇ ತೃಪ್ತರಾಗಿ ಮುಂದೆ ಹೋದರು.

ನಾಲ್ಕನೆಯ ವಾರ ಪ್ರಬಂಧ ಬಂತು. ಸುತ್ತಲಿನ ಬದುಕನ್ನು ಏಳು ದಿನ ಗಮನಿಸಿ ಐನೂರು ಪದಗಳಲ್ಲಿ ಬರೆಯಬೇಕು. ಸಾಹೇಬರು ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗವನ್ನು ಆರಿಸಿಕೊಂಡು, ಯಾವ ಕಾರಿಗೆ ಎಲ್ಲಿ ಗೀರು, ಯಾವ ಸ್ಕೂಟರು ಎಷ್ಟು ವಾಲಿದೆ ಎಂದು ಅಮೋಘವಾಗಿ ಬರೆದು ಕಳಿಸಿದರು.

ಈ ಕೋರ್ಸಿನಲ್ಲಿ ಒಂದು ಪದ್ಧತಿ ಇತ್ತು. ಪ್ರಬಂಧಕ್ಕೆ ಅಂಕ ಕೊಡುವವರು ಮೇಷ್ಟರಲ್ಲ, ವಿದ್ಯಾರ್ಥಿಗಳೇ. ಎಂಟೆಂಟು ಜನರ ಗುಂಪು ಮಾಡಿ, ಒಬ್ಬರದನ್ನು ಇನ್ನೊಬ್ಬರಿಗೆ ಹೆಸರು ತೆಗೆದು ಕಳಿಸುತ್ತಿದ್ದರು. ಗುಂಪು ಮಾಡಿದ್ದು ಕಂಪ್ಯೂಟರು. ಅದು ವಿಳಾಸ ನೋಡಿ ಹತ್ತಿರದವರನ್ನೆಲ್ಲ ಒಟ್ಟಿಗೆ ಸೇರಿಸಿತ್ತು. ಒಂದೇ ಮನೆಯವರಿಗಿಂತ ಹತ್ತಿರದವರು ಯಾರಿದ್ದಾರೆ? ಹೀಗಾಗಿ ಒಂದು ಭಾನುವಾರ ಬೆಳಗ್ಗೆ ಸಾಹೇಬರಿಗೆ ಮೌಲ್ಯಮಾಪನಕ್ಕೆ ಬಂದದ್ದು, ಓದುಗರು ಊಹಿಸಿದ ಹಾಗೆ, ಅವರ ಹೆಂಡತಿಯ ಪ್ರಬಂಧ. ಶೀರ್ಷಿಕೆ: "ಒಂದು ಮನೆಯ ಯಜಮಾನರು: ಏಳು ದಿನಗಳ ಅವಲೋಕನ."

ಐದೇ ನಿಮಿಷದಲ್ಲಿ ಹಿಂದಿನ ಕೋಣೆಯಿಂದ ನಗು ಕೇಳಿಸಿತು. ಆಮೇಲೆ ಸಾಹೇಬರೇ ಲ್ಯಾಪ್‌ಟಾಪು ಹೊತ್ತು ಅಡುಗೆಮನೆಗೆ ಬಂದರು.

"ಲೇ, ಕೆಲಸ ಬಿಟ್ಟು ಇಲ್ಲಿ ಕೇಳು! ಯಾರೋ ಹೆಂಗಸು ಗಂಡನ ಬಗ್ಗೆ ಬರೆದಿದ್ದಾಳೆ. 'ಮನೆಯಲ್ಲಿ ಯಾವ ವಸ್ತು ಕಾಣದಿದ್ದರೂ ಯಜಮಾನರು ಮೊದಲು ಕೂಗುತ್ತಾರೆ, ಆಮೇಲೆ ಹುಡುಕುತ್ತಾರೆ. ಏಳು ದಿನಗಳಲ್ಲಿ ಮೂವತ್ತೊಂದು ಸಲ ಕೂಗಿದರು. ಇಪ್ಪತ್ತೊಂಬತ್ತು ಸಲ ಆ ವಸ್ತು ಕೈಗೆಟಕುವಷ್ಟು ದೂರದಲ್ಲಿತ್ತು. ಉಳಿದ ಎರಡು ಸಲ ಕೈಯಲ್ಲೇ ಇತ್ತು.' ಅಯ್ಯಯ್ಯೋ! ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಟವೆಲ್ ಎಲ್ಲಿಟ್ಟೆ?"

"ನಿಮ್ಮ ಹೆಗಲ ಮೇಲಿದೆ," ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂಬ ಗಾದೆ ಇದೆ. ಸಾಹೇಬರು ಹೆಗಲು ಮುಟ್ಟಿ ನೋಡಿಕೊಂಡರು, ಟವೆಲ್ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಕಳ್ಳನ ಕಥೆಯನ್ನೇ ಮುಂದುವರಿಸಿದರು!

"'ಯಜಮಾನರು ಟೀ ಬೇಕೆಂದು ಎಂದೂ ಕೇಳುವುದಿಲ್ಲ. ಮನೆಯಲ್ಲಿ ಯಾರಾದರೂ ಟೀ ಕುಡಿಯುತ್ತೀರಾ ಎಂದು ವಿಚಾರಿಸುತ್ತಾರೆ. ಮನೆಯವರ ಬಗ್ಗೆ ಇವರಿಗಿರುವ ಕಾಳಜಿ ದಿನಕ್ಕೆ ಮೂರು ಸಲ ಹೀಗೆ ವ್ಯಕ್ತವಾಗುತ್ತದೆ.' ಎಂಥಾ ಖದೀಮ ನೋಡು ಅವನು! ಇನ್ನೊಂದು ಕೇಳು. 'ಬುಧವಾರ ನಲ್ಲಿ ರಿಪೇರಿಗೆ ನಾಲ್ಕು ಜನ ಬೇಕಾಯಿತು. ಟಾರ್ಚು ಹಿಡಿಯಲು ಮಗಳು, ಸ್ಪ್ಯಾನರ್ ಕೊಡಲು ಹೆಂಡತಿ, ಬೈಯಲು ಯಜಮಾನರು, ರಿಪೇರಿ ಮಾಡಲು ಪ್ಲಂಬರ್.'"

"ನಮ್ಮನೆಗೂ ಮೊನ್ನೆ ಪ್ಲಂಬರ್ ಬಂದಿದ್ನಲ್ಲ ರೀ," ಎಂದು ಹೆಂಡತಿ ಮೆಲ್ಲಗೆ ನೆನಪಿಸಿದಳು. ಪಾಪ, ಆಕೆ ಒಂದು ಅವಕಾಶ ಕೊಟ್ಟಳು.

"ಅದು ಬೇರೆ! ಮುಕ್ಕಾಲು ಕೆಲಸ ನಾನು ಮಾಡಿದ್ದೆ, ಅವನು ಬಂದು ಬರೀ ನೀರು ನಿಲ್ಲಿಸಿದ."

ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ದುಪಟ್ಟಾ ತುರುಕಿಕೊಂಡು ಒಳಗೆ ಓಡಿದಳು. ಸಾಹೇಬರು ಕೊನೆಯ ಭಾಗಕ್ಕೆ ಬಂದರು. ಅಲ್ಲಿ ಅವರ ನಗು ನಿಂತಿತು. ಆ ಮನೆಯಲ್ಲಿ ಒಂದು ಕೋಣೆ ಇದೆಯಂತೆ, ಅದರ ತುಂಬ ಗಂಡ ಕೂಡಿಟ್ಟ ಗುಜರಿಯಂತೆ. 'ಈ ಪ್ರಬಂಧವನ್ನು ಲೇಖಕಿ ಮೆಟ್ಟಿಲ ಮೇಲೆ ಕೂತು ಬರೆದಿದ್ದಾಳೆ' ಎಂದು ಕೊನೆಗೆ ಬರೆದಿತ್ತು.

"ಛೆ ಛೆ," ಎಂದರು. ಅವರಿಗೆ ನಿಜವಾಗಿಯೂ ಪಾಪ ಅನ್ನಿಸಿತ್ತು. ಮನುಷ್ಯ ಕೆಟ್ಟವರಲ್ಲ. "ಇದು ಅನ್ಯಾಯ ಕಣೇ. ಇಷ್ಟು ಚೆನ್ನಾಗಿ ಬರೆಯೋ ಹೆಂಗಸಿಗೆ ಕೂರೋಕೆ ಜಾಗ ಇಲ್ವಾ?"

"ನಿಮ್ಮ ಕೋಣೇಲೂ..."

"ನನ್ನದು ಸಂಗ್ರಹ! ಗುಜರಿಗೂ ಸಂಗ್ರಹಕ್ಕೂ ವ್ಯತ್ಯಾಸ ಬೇಡ್ವಾ?"

"ಎಷ್ಟು ಮಾರ್ಕ್ಸ್ ಕೊಡ್ತೀರಿ?" ಹೆಂಡತಿಯ ಕೈಯಲ್ಲಿ ಚಾಕು ಹಾಗೇ ನಿಂತಿತ್ತು.

"ಪೂರ್ತಿ! ಅದರ ಜೊತೆ ಆ ಗಂಡಸಿಗೆ ಜನ್ಮದಲ್ಲಿ ಮರೆಯದ ಹಾಗೆ ಬರೀತೀನಿ," ಎಂದು ಸಾಹೇಬರು ಅಲ್ಲೇ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪಿಟ್ಟು, ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ಬೆರಳ ತುದಿಗೆ ತಂದು ಕುಟ್ಟತೊಡಗಿದರು:

"ಹಾನಿ: ತೀವ್ರ, ಬಹುಕಾಲದ್ದು. ತಪ್ಪು: ಶೇಕಡ ನೂರು ಗಂಡನದು. ಎದುರು ಪಕ್ಷದ ನಿರ್ಲಕ್ಷ್ಯ: ಇಲ್ಲ, ಅತಿಯಾದ ತಾಳ್ಮೆಯನ್ನು ನಿರ್ಲಕ್ಷ್ಯವೆಂದು ಪರಿಗಣಿಸಲು ಬಾರದು. ಈತ ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಪೈಕಿ. ಶಿಫಾರಸು: ಸದರಿ ಕೋಣೆಯನ್ನು ಏಳು ದಿನಗಳೊಳಗೆ ಖಾಲಿ ಮಾಡಿಸಿ, ಗಂಡನ ಕೈಯಿಂದಲೇ ಗುಡಿಸಿ ಒರೆಸಿಸಿ, ಲೇಖಕಿಗೆ ಒಪ್ಪಿಸತಕ್ಕದ್ದು. ಅಂಕ: ಐವತ್ತಕ್ಕೆ ಐವತ್ತು."

"ಗುಡಿಸಿ ಒರೆಸೋದು ಸ್ವಲ್ಪ ಜಾಸ್ತಿ ಆಯ್ತೇನೋ ರೀ," ಎಂದಳು ಹೆಂಡತಿ.

"ಏನೂ ಜಾಸ್ತಿಯಿಲ್ಲ. ಇಂಥವರಿಗೆ ದಾಕ್ಷಿಣ್ಯ ತೋರಿಸಬಾರದು," ಎಂದು ಸಾಹೇಬರು ಗುಂಡಿ ಒತ್ತಿ ಕಳಿಸಿಯೇಬಿಟ್ಟರು.

ಆರನೆಯ ವಾರ ಫಲಿತಾಂಶ ಬಂತು. ಸಾಹೇಬರು ಪಾಸಾಗಿದ್ದರು, ಸಾದಾ ಪಾಸು. ಅವರ ಪಾರ್ಕಿಂಗ್ ಪ್ರಬಂಧದ ಕೆಳಗೆ ಯಾರೋ ಅನಾಮಿಕರು, "ಹನ್ನೊಂದು ಕಾರು, ನಾಲ್ಕು ಸ್ಕೂಟರು ಕಂಡವು. ಮನುಷ್ಯರು ಯಾವಾಗ ಬರುತ್ತಾರೆ?" ಎಂದು ಬರೆದು ಕೈತೊಳೆದುಕೊಂಡಿದ್ದರು. ಸಾಹೇಬರು ಸಿಡಿಮಿಡಿಗೊಂಡರು. ಅಸೂಯೆ, ಪಿತೂರಿ, ಮಾನವಶಾಸ್ತ್ರವೇ ಟೊಳ್ಳು, ಇಂಥ ಕೋರ್ಸಿನ ಫಲಿತಾಂಶದ ಮೇಲೆ ಕೋಣೆ ಬಿಟ್ಟುಕೊಡಲು ಸಾಧ್ಯವೇ ಇಲ್ಲ ಎಂದು ವಾದ ಹೂಡಿದರು.

ಹೆಂಡತಿ ಪಂದ್ಯದ ಮಾತೇ ಎತ್ತಲಿಲ್ಲ. ಮಗಳು ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟಳು.

"'ಹಾನಿ: ತೀವ್ರ, ಬಹುಕಾಲದ್ದು'... ಇದು ನಾನು ಬರೆದದ್ದಲ್ವಾ? ನಿನ್ನ ಹತ್ತಿರ ಹೇಗೆ ಬಂತು?"

"ಪ್ರಬಂಧ ಬರೆದವರಿಗೆ ಕಳಿಸ್ತಾರಂತೆ ರೀ."

ಸಾಹೇಬರು ಹಾಳೆ ನೋಡಿದರು. ಹೆಂಡತಿಯನ್ನು ನೋಡಿದರು. ಮೂವತ್ತೊಂದು ಸಲ, ಟೀ, ಪ್ಲಂಬರ್, ಮೆಟ್ಟಿಲು, ಎಲ್ಲ ಒಂದೊಂದಾಗಿ ಬಂದು ತಲೆಗೆ ಗುದ್ದಿದವು. ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಹಾಗಾದ್ರೆ ಆ ಗಂಡಸು..."

"ಹ್ಞೂಂ."

"ಸುಳ್ಳು! ಮೂವತ್ತೊಂದು ಸಲ ಅನ್ನೋಕೆ ಸಾಕ್ಷಿ ಏನು?"

ಮಗಳು ತನ್ನ ಫೋನು ಮುಂದೆ ಹಿಡಿದಳು. ತಾರೀಖು, ಗಂಟೆ ಸಮೇತ ಫೋಟೊಗಳು. ಒಂದರಲ್ಲಿ ಸಾಹೇಬರು ಬಲಗೈಯಲ್ಲಿ ಬೀಗದ ಕೈ ಹಿಡಿದುಕೊಂಡು, ಬೀಗದ ಕೈ ಎಲ್ಲಿ ಎಂದು ಬಾಯಿ ತೆರೆದು ನಿಂತಿದ್ದರು. "ಫೋಟೊ ಇಲ್ದೆ ಕ್ಲೇಮ್ ಇಲ್ಲ ಅಂತ ನೀವೇ ಹೇಳ್ತೀರಲ್ಲಪ್ಪ," ಎಂದಳು.

ಸಾಹೇಬರು ಕುರ್ಚಿಯಲ್ಲಿ ಕುಸಿದರು. "ಮನೇಲಿ ಯಾರಾದ್ರೂ ಟೀ..." ಎನ್ನುತ್ತಿದ್ದವರು ತುಟಿ ಕಚ್ಚಿಕೊಂಡು, ಎದ್ದು ಹೋಗಿ, ಜನ್ಮದಲ್ಲಿ ಮೊದಲ ಬಾರಿಗೆ ತಾವೇ ಸ್ಟವ್ ಹಚ್ಚಿದರು. ಟೀ ಪುಡಿ ಎಲ್ಲಿ ಎಂದು ಕೂಗಲೂ ಇಲ್ಲ. ಅದಕ್ಕೇ ಅದು ಸಿಗುವ ಹೊತ್ತಿಗೆ ನೀರೆಲ್ಲ ಬತ್ತಿ ಹೋಗಿ ಪಾತ್ರೆ ಕರಕಲಾಗಿತ್ತು.

ಮುಂದಿನ ಭಾನುವಾರ ಕೋಣೆ ಖಾಲಿಯಾಯಿತು. ಬರೆದವರು ತಮ್ಮ ವರದಿಯನ್ನು ತಾವೇ ಮೀರುವುದು ಹೇಗೆ? ಬಂಪರುಗಳನ್ನು ಒಂದೊಂದಾಗಿ ಹೊತ್ತು ಕೆಳಗಿಳಿಸುವಾಗ ಸಾಹೇಬರಿಗೆ ಕರುಳು ಹಿಂಡಿದ ಹಾಗಾಯಿತು. ಗುಜರಿಯವನು ಬಂದು ರಾಶಿಯ ಸುತ್ತ ಒಂದು ಸುತ್ತು ಹಾಕಿ, "ಸಾಹೇಬ್ರೇ, ಗುಜರಿ ಇದೆ ಅಂದ್ರಿ. ಇದನ್ನ ನಾನು ಏನು ಮಾಡ್ಲಿ?" ಎಂದು ಕೇಳಿದ್ದು ಗಾಯದ ಮೇಲೆ ಉಪ್ಪು ಸವರಿದಂತಿತ್ತು. ಆಮೇಲೆ ಸಾಹೇಬರು ಶಿಫಾರಸಿನಂತೆ ಕೋಣೆ ಗುಡಿಸಿದರು, ಒರೆಸಿದರು, ಮೇಜು ಕುರ್ಚಿ ತಂದು ಕಿಟಕಿಯ ಪಕ್ಕ ಇಟ್ಟರು.

ಸಂಜೆ ಹೆಂಡತಿ ಹೊಸ ನೋಟ್‌ಬುಕ್ ಬಿಚ್ಚಿಕೊಂಡು ಆ ಮೇಜಿಗೆ ಕೂತಳು. ಆಕೆಯ ಮುಖದಲ್ಲಿದ್ದ ಸುಖ ಕಂಡು ಸಾಹೇಬರಿಗೆ ಕೋಣೆ ಹೋದ ದುಃಖ ಅರ್ಧಕ್ಕರ್ಧ ಇಳಿಯಿತು. ಆದರೆ ಒಳಗೆ ಇನ್ನೊಂದು ಮುಳ್ಳು ಇತ್ತು, ಅದು ಕೋಣೆಗಿಂತ ಆಳಕ್ಕೆ ಹೊಕ್ಕಿತ್ತು. ಬಾಗಿಲಲ್ಲಿ ಎರಡು ಸಲ ಕೆಮ್ಮಿದರು.

"ಅಲ್ಲ ಕಣೇ... ಏಳು ದಿನ ಅಷ್ಟು ನೋಡಿದೀಯ. ನನ್ನಲ್ಲಿ ಒಳ್ಳೇದು ಅಂತ ಒಂದೂ ಕಾಣಲಿಲ್ವಾ?"

"ಕಂಡಿತ್ತು ರೀ," ಎಂದಳು ಹೆಂಡತಿ ತಲೆಯೆತ್ತಿ. "ಬರೆದೂ ಇದ್ದೆ. ಐನೂರು ಪದ ದಾಟಿತು ಅಂತ ಅದನ್ನ ತೆಗೆದುಬಿಟ್ಟೆ."

ಸಾಹೇಬರ ಎದೆ ಅರಳಿತು. "ಹೌದಾ? ಏನದು?"

ಹೆಂಡತಿ ಪೆನ್ನನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದಳು. ಕಿಟಕಿಯಾಚೆ ನೋಡಿ ಯೋಚಿಸಿದಳು. ಕಣ್ಣು ಮುಚ್ಚಿಯೂ ಯೋಚಿಸಿದಳು.

"ಏನೋ ಇತ್ತು ರೀ, ಈಗ ನೆನಪಾಗ್ತಿಲ್ಲ. ನೆನಪಾದ್ರೆ ಕರೀತೀನಿ. ಹೋಗುವಾಗ ಸ್ವಲ್ಪ ಬಾಗಿಲು ಹಾಕ್ಕೊಂಡು ಹೋಗಿ."

ಸಾಹೇಬರು ಸದ್ದಾಗದ ಹಾಗೆ ಬಾಗಿಲು ಹಾಕಿದರು. ಆದರೆ ಹೋಗಲಿಲ್ಲ. ಒಂದು ವೇಳೆ ನೆನಪಾದರೆ ಎಂದು, ಅಲ್ಲೇ ಹೊರಗೆ ಬಹಳ ಹೊತ್ತು ನಿಂತಿದ್ದರು.