ಎರೆಮಣ್ಣಿನಿಂದ ಎಣ್ಣೆ ತೆಗೆದದ್ದು

ಭೂವಿಜ್ಞಾನ ಕಲಿಸುವವನಿಗೆ ಮಾವನ ಮನೆಯಲ್ಲಿ ಮರ್ಯಾದೆ ಸಿಗುವುದು ಕಷ್ಟ. ಡಾಕ್ಟರ್ ಅಳಿಯನಿಗೆ ನಾಡಿ ತೋರಿಸಬಹುದು, ವಕೀಲ ಅಳಿಯನ ಮುಂದೆ ಹೊಲದ ತಕರಾರು ತೆಗೆಯಬಹುದು. ಕಲ್ಲಿನ ಮೇಷ್ಟ್ರಿಗೆ ಏನು ತೋರಿಸುವುದು? ಎಂಬತ್ತರ ದಶಕದಲ್ಲಿ ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿದ್ದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಾದ ನಮ್ಮ ಮಾವನವರು ಬಂದವರಿಗೆಲ್ಲ “ಅಳಿಯಾರು ಕಾಲೇಜಿನ್ಯಾಗ ಅದಾರ” ಎಂದು, ಏನು ಕಲಿಸುತ್ತಾರೆ ಎನ್ನುವುದನ್ನು ನುಂಗಿಬಿಡುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು.

ಹಾವೇರಿಯಲ್ಲಿ ವಿಜ್ಞಾನ ಪ್ರದರ್ಶನ ನಿಗದಿಯಾದಾಗ, ಮಾವನವರನ್ನು ಗೆಲ್ಲಲು ಇದೇ ಸಮಯ ಎಂದುಕೊಂಡೆ. ಭೂಮಿಯೊಳಗೆ ಎಣ್ಣೆ ಕೆರೆಯಂತೆ ನಿಂತಿರುವುದಿಲ್ಲ, ಕಲ್ಲಿನ ಸಣ್ಣ ರಂಧ್ರಗಳಲ್ಲಿ ಅಡಗಿರುತ್ತದೆ, ನೀರು ನುಗ್ಗಿಸಿ ಅದನ್ನು ಹೊರದಬ್ಬುತ್ತಾರೆ ಎಂದು ತೋರಿಸುವುದು ನನ್ನ ಯೋಜನೆ. ಗಾಜಿನ ಕೊಳವೆಗೆ ಮೇಡ್ಲೇರಿಯ ಹೊಳೆಯ ಉಸುಕು ತುಂಬಿ, ಕುಸುಬಿ ಎಣ್ಣೆ ಕುಡಿಸಿ, ಮನೆಗೆ ಬಂದಿದ್ದ ಮಾವನವರೆದುರೇ ನೀರು ಹೊಯ್ದೆ. ಕೆಳಗೆ ಎಣ್ಣೆ ಇಳಿಯಿತು. ಅವರು ಮೂಗು ಮುರಿದರು.

“ಉಸುಕಿನ್ಯಾಗಿಂದ ಯಾರರ ತಗೀತಾರ್ರಿ. ನಮ್ಮ ಎರಿಮಣ್ಣು ಕೂಡಿಸಿ ತಗೀರಿ, ನೋಡೂಣು.”

“ಅದಕ್ಕೇನ್ರಿ ಮಾವಾರ” ಎಂದು ಉಸುಕಿಗೆ ಒಂದು ಹಿಡಿ ಎರೆಮಣ್ಣು ಬೆರೆಸಿ ಮತ್ತೆ ಎಣ್ಣೆ ಕುಡಿಸಿದೆ. ನೀರು ಹೊಯ್ದರೆ ಕೊಳವೆ ಬಾಯಿ ಕಟ್ಟಿಕೊಂಡು ಕೂತಿತು. ತೊಟ್ಟು ಎಣ್ಣೆ ಇಲ್ಲ. ಮಾವನವರು ಚಹಾ ಕುಡಿದು ಎದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ನನಗೆ ನನ್ನದೇ ಪಾಠ ನೆನಪಾಯಿತು. ಎರೆಮಣ್ಣಿನ ಖನಿಜ ಸಿಹಿನೀರು ಕುಡಿದರೆ ಊದಿಕೊಂಡು ದಾರಿಯನ್ನೆಲ್ಲ ಮುಚ್ಚುತ್ತದೆ. ಬೇಸಿಗೆಯಲ್ಲಿ ಬಿರಿದ ಹೊಲ ಮಳೆಗೆ ಕೂಡಿಕೊಳ್ಳುವುದೂ ಹೀಗೆಯೇ. ಉಪ್ಪುನೀರಾದರೆ ಅದು ಅಷ್ಟು ಊದುವುದಿಲ್ಲ. ಅಡುಗೆಮನೆಯ ಉಪ್ಪಿನ ಡಬ್ಬಿ ಹೊತ್ತುಕೊಂಡೇ ಹಾವೇರಿಗೆ ಹೋದೆ.

ಹೊಸ ಕೊಳವೆ, ಅದೇ ಎರೆಮಣ್ಣು, ಈಗ ಉಪ್ಪುನೀರು. ಮಾವನವರು ಮುಂದಿನ ಸಾಲಿನಲ್ಲೇ ಕೈಕಟ್ಟಿ ನಿಂತಿದ್ದರು. ಕಡೆಗೆ ಒಂದು ಹನಿ, ಮತ್ತೊಂದು ಹನಿ, ಎಣ್ಣೆ ಇಳಿಯತೊಡಗಿತು. ಮಾವನವರು ಬೆರಳದ್ದಿ ಮೂಸಿ, “ಖರೇನ ಎಣ್ಣಿ ಐತಿ” ಎಂದು ಸುತ್ತ ನೆರೆದವರತ್ತ ತಿರುಗಿ, “ನಮ್ಮ ಅಳಿಯಾರ್ರಿ ಇವ್ರು. ಕಲ್ಲು ಮಣ್ಣಿಂದು ಕಲಸ್ತಾರ” ಎಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಮುಂದಿನ ವಾರ ಕದರಮಂಡಲಗಿಯಿಂದ ಒಬ್ಬ ಹಿರಿಯರು, ಮಾವನವರ ಮಾತು ಕೇಳಿ, ಟವೆಲ್ಲಿನಲ್ಲಿ ಹೊಲದ ಕಲ್ಲೊಂದನ್ನು ಸುತ್ತಿಕೊಂಡು ಮನೆಗೆ ಬಂದರು. “ಸರ, ಇದರಾಗ ಎಷ್ಟು ಎಣ್ಣಿ ಬರ್ತೈತ್ರಿ?” ನಮ್ಮ ಸೀಮೆಯ ಕಲ್ಲಿನಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಹಾಗೆಂದು ಹೇಳಿ ಕಳಿಸಿದೆ. ಆದರೆ ಹೇಳುವ ಮೊದಲು ಆ ಕಲ್ಲನ್ನು ಕಿಟಕಿಯ ಬೆಳಕಿಗೆ ಒಯ್ದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೂ ಒಮ್ಮೆ ಮೂಸಿ ನೋಡಿದೆ.