ಪಿಕಪ್ಪಿಗೆ ಚಳಿ ಹಿಡಿದ ಬೆಳಗು

ಚಳಿಗಾಲ ಬಂತೆಂದರೆ ಎಲ್ಲರಿಗೂ ಮೂಗು ಕಟ್ಟುತ್ತದೆ. ಹಾಸಿಗೆಯವನಿಗೆ ಮಾತ್ರ ಎಂಜಿನ್ನು ಕಟ್ಟುತ್ತಿತ್ತು. ಅವನ ಡೀಸೆಲ್ ಪಿಕಪ್ಪು ಬೇಸಿಗೆಯಲ್ಲಿ ಕೀಲಿ ತೋರಿಸಿದರೆ ಸಾಕು, ಕುಣಿದೆದ್ದು ನಿಲ್ಲುತ್ತಿತ್ತು. ಮಂಜು ಬೀಳತೊಡಗಿದ ಮೇಲೆ ಅದರ ಗತ್ತೇ ಬೇರೆ. ಕೀಲಿ ತಿರುಗಿಸಿದರೆ ‘ಗುರ್ರ್, ಗುರ್ರ್’ ಎಂದು ಗೊರಕೆ ಹೊಡೆದು, ಹಿಂದಿನಿಂದ ಒಂದಿಷ್ಟು ಬಿಳಿ ಹೊಗೆ ಬಿಟ್ಟು, ಮಗ್ಗುಲು ಬದಲಿಸಿದಂತೆ ಅಲುಗಾಡಿ, ಮತ್ತೆ ಮಲಗಿಬಿಡುತ್ತಿತ್ತು.

ತಪ್ಪು ಹಾಸಿಗೆಯವನದೂ ಇತ್ತೆನ್ನಿ. ಹತ್ತಿ ಹಾಸಿಗೆ ಹೊಲಿದು ಮಾರುವುದು ಅವನ ಕಸುಬು. ನಿದ್ದೆಯೆಂದರೆ ಅವನಿಗೆ ಅಪಾರ ಗೌರವ. ಮಲಗಿದವರನ್ನು ಎಬ್ಬಿಸುವುದು ಅವನ ದೃಷ್ಟಿಯಲ್ಲಿ ಮಹಾಪಾತಕ (ತನ್ನನ್ನು ಎಬ್ಬಿಸುವುದಂತೂ ಕ್ಷಮೆಯೇ ಇಲ್ಲದ್ದು). ಹೀಗಾಗಿ ಗಾಡಿ ಏಳದಿದ್ದರೆ ಅವನು ಬಾನೆಟ್ ಎತ್ತಿ ನೋಡುತ್ತಿರಲಿಲ್ಲ, ಅದರ ಮೇಲೆ ಕೈಯಾಡಿಸುತ್ತಿದ್ದ. ಬಿಸಿಲೇರಿದ ಮೇಲೆ ತಾನಾಗಿಯೇ ಏಳುತ್ತದೆ ಎಂದು ಒಳಗೆ ಹೋಗಿ ತಾನೂ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ.

ಆದರೆ ಆ ದಿನ ಬಿಸಿಲಿಗೆ ಕಾಯುವಂತಿರಲಿಲ್ಲ. ಊರಾಚೆಯ ಆಸ್ಪತ್ರೆಯ ಪಕ್ಕದಲ್ಲಿ ನರ್ಸುಗಳಿಗೆಂದು ಹೊಸ ವಸತಿಗೃಹ ಕಟ್ಟಿದ್ದರು. ಅಲ್ಲಿನ ಮಂಚಗಳಿಗೆಲ್ಲ ಹಾಸಿಗೆ ಒದಗಿಸುವ ಕೆಲಸ ಹಾಸಿಗೆಯವನಿಗೆ ಸಿಕ್ಕಿತ್ತು. ವಾರ್ಡನ್ನಮ್ಮ ಖಡಾಖಂಡಿತವಾಗಿ ಹೇಳಿದ್ದಳು: “ರಾತ್ರಿ ಪಾಳಿ ಮುಗಿಸಿ ಹುಡುಗಿಯರು ಬರೋ ಹೊತ್ತಿಗೆ ಮಂಚದ ಮೇಲೆ ಹಾಸಿಗೆ ಇರಬೇಕು. ಇಲ್ಲಾಂದ್ರೆ ಸ್ಪ್ರಿಂಗ್ ಹಾಸಿಗೆ ಶೋರೂಮಿಗೆ ಫೋನ್ ಮಾಡ್ತೀನಿ.” ಆ ಶೋರೂಮು ಬಂದ ಮೇಲೆ ಹಾಸಿಗೆಯವನ ಅರ್ಧ ಗಿರಾಕಿಗಳು ಅತ್ತ ಪುಟಿದು ಹೋಗಿದ್ದರು. ಇದೂ ಕೈತಪ್ಪಿದರೆ ಹೊಲಿಗೆ ಮಿಷನ್ನಿಗೆ ಹೊದಿಕೆ ಹಾಕಿ ಕೂರಬೇಕಾಗಿತ್ತು.

ಅಂದು ಬೆಳಕು ಹರಿಯುವ ಮುಂಚೆಯೇ ಅವನ ಹೆಂಡತಿಗೆ ಎಚ್ಚರವಾಯಿತು. ಮೈ ಗಡಗಡ ನಡುಗುತ್ತಿತ್ತು.

“ರೀ, ನನ್ನ ಮೇಲಿದ್ದ ರಜಾಯಿ ಎಲ್ಲಿ?”

“ಗಾಡಿಗೆ ಹೊದಿಸಿದೀನಿ,” ಎಂದ ಗಂಡ ಕಿಟಕಿಯ ಹತ್ತಿರದಿಂದ. ಅವನು ಆಗಲೇ ಮಂಕಿ ಟೋಪಿ ಹಾಕಿಕೊಂಡು, ಮಂಜಿನಲ್ಲಿ ಗುಬ್ಬಚ್ಚಿಯಂತೆ ಮುದುಡಿದ್ದ ಪಿಕಪ್ಪನ್ನು ಕನಿಕರದಿಂದ ನೋಡುತ್ತ ನಿಂತಿದ್ದ. “ಬೆಚ್ಚಗಿದ್ರೆ ಬೇಗ ಏಳುತ್ತೆ.”

“ಅದಕ್ಕೇನು ಮೈಯಲ್ಲಿ ರಕ್ತ ಇದೆಯಾ? ಒಳಗೆ ಬಿಸಿ ಇದ್ರೆ ತಾನೇ ಹೊದಿಕೆ ಹಿಡಿದಿಟ್ಟುಕೊಳ್ಳೋದು? ರಾತ್ರಿಯಿಡೀ ತಣ್ಣಗಾದ ಕಬ್ಬಿಣಕ್ಕೆ ಈಗ ರಜಾಯಿ ಹೊದಿಸಿದ್ರೆ ತಣ್ಣಗೇ ಇರುತ್ತೆ. ನನ್ನ ಹಾಗೆ!”

“ನೀನು ವಿಜ್ಞಾನ ಮಾತಾಡ್ತೀಯ. ಗಾಡಿಗೆ ಮನಸ್ಸು ಅಂತ ಒಂದಿರುತ್ತೆ.”

“ಹಾಗಾದ್ರೆ ನಾನೇ ಓಡಿಸ್ತೀನಿ, ಬಿಡಿ. ಅಪ್ಪನ ಹಾಲಿನ ವ್ಯಾನು ಓಡಿಸಿದವಳು ನಾನು.”

“ಹಾಲಿನ ವ್ಯಾನು ಬೇರೆ, ಇದು ಬೇರೆ. ಇದರ ಮನಸ್ಸು ನಿನಗೆ ತಿಳಿಯಲ್ಲ.” ಮದುವೆಯಾದಂದಿನಿಂದ ಅವನು ಈ ಮಾತನ್ನೇ ಹೇಳಿಕೊಂಡು ಬಂದಿದ್ದ.

ಅಂಗಳಕ್ಕಿಳಿದು ಕೀಲಿ ತಿರುಗಿಸಿದ. ಗುರ್ರ್, ಗುರ್ರ್. ಬಿಳಿ ಹೊಗೆ ಮಂಜಿನೊಳಗೆ ಬೆರೆತು, ಯಾವುದು ಹೊಗೆ ಯಾವುದು ಮಂಜು ಎಂದು ತಿಳಿಯದಾಯಿತು. ಕೊನೆಗೆ ಹೆಂಡತಿಯೇ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿ ಗಂಡನ ಕಿವಿಗೆ ಒತ್ತಿದಳು. ಹೊಗೆಯ ಬಣ್ಣ ಕೇಳಿಯೇ ಗಾಡಿಯ ಜಾತಕ ಹೇಳುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ‘ಹೊಗೆಶಾಸ್ತ್ರಿ’ ಎಂದೇ ಕರೆಯುತ್ತಿದ್ದರು.

“ಎಂಜಿನ್ನು ಜೋರಾಗಿ ತಿರುಗುತ್ತಾ, ಇಲ್ಲ ಊಟ ಬಿಟ್ಟವನ ಹಾಗಾ?” ಹೊಗೆಶಾಸ್ತ್ರಿಯ ದನಿ ಕಂಬಳಿಯೊಳಗಿಂದ ಬಂತು.

“ಊಟ ಬಿಟ್ಟವನ ಹಾಗೆ.”

“ಬ್ಯಾಟರಿ ನೋಡು. ತುದಿಗಳಲ್ಲಿ ಬೂಷ್ಟು ಕಟ್ಟಿದೆಯಾ?”

ಕಟ್ಟಿತ್ತು, ಹಳೆಯ ಕೇಕಿನ ಮೇಲಿನ ಕೆನೆಯಂತೆ. ಹೆಂಡತಿ ಕಾಫಿಗೆಂದು ಇಟ್ಟಿದ್ದ ಬಿಸಿನೀರು ಅದಕ್ಕೇ ಖರ್ಚಾಯಿತು. ಉಜ್ಜಿ, ಒರೆಸಿ, ಬಿಗಿದು, ಕೀಲಿ ತಿರುಗಿಸಿದರೆ ಎಂಜಿನ್ನು ಈಗ ಭರ್ರನೆ ತಿರುಗಿತು. ಆದರೆ ಹತ್ತಿಕೊಳ್ಳಲಿಲ್ಲ.

“ಹೊಗೆ?”

“ಬೆಳ್ಳಗಿದೆ. ಮೋಡ ಬಂದ ಹಾಗೆ. ಒಂಥರಾ ಚೆನ್ನಾಗೇ ಇದೆ.”

“ಚೆಂದ ನೋಡ್ಬೇಡ ಮಾರಾಯ! ಬಿಳಿ ಹೊಗೆ ಅಂದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಉರೀತಾ ಇಲ್ಲ. ಹೀಟರ್ ಪ್ಲಗ್ ಬಿಸಿ ಆಗ್ತಾ ಇಲ್ಲ. ಪ್ಲಗ್ ಮೇಲಿನ ಪಟ್ಟಿ ಬಿಚ್ಚು. ಒಂದು ಇಂಡಿಕೇಟರ್ ಬಲ್ಬು ಕಿತ್ತು, ಬ್ಯಾಟರಿಯಿಂದ ಅದಕ್ಕೆ ವೈರು ಕೊಟ್ಟು, ಬಲ್ಬಿನ ಇನ್ನೊಂದು ವೈರನ್ನ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸು. ಬಲ್ಬು ಹತ್ತಿದ್ರೆ ಪ್ಲಗ್ ಬದುಕಿದೆ ಅಂತ.”

ಹೆಂಡತಿ ಟಾರ್ಚು ಹಿಡಿದಳು, ಹಾಸಿಗೆಯವನು ವೈರು ಮುಟ್ಟಿಸಿದ. ಮಸುಕಿನಲ್ಲಿ ಪುಟ್ಟ ಬಲ್ಬು ಹತ್ತಿತು, ಆರಿತು, ಮತ್ತೆ ಹತ್ತಿತು. ಪ್ಲಗ್ಗುಗಳೆಲ್ಲ ಬದುಕಿದ್ದವು! ಗಂಡ ಹೆಂಡತಿ ತಲೆಗೆ ತಲೆ ತಾಗಿಸಿಕೊಂಡು ಆ ಬೆಳಕನ್ನು ನೋಡುತ್ತ, ಯಾಕೆ ಎದ್ದಿದ್ದೇವೆಂಬುದನ್ನೇ ಒಂದು ಕ್ಷಣ ಮರೆತರು.

“ಪ್ಲಗ್ ಸರಿ ಇದೆ ಅಂದ್ರೆ ಕರೆಂಟೇ ಬರ್ತಿಲ್ಲ,” ಎಂದಿತು ಫೋನು. “ಪಟ್ಟಿಗೆ ಬರೋ ದಪ್ಪ ವೈರು ನೋಡು.”

ದಪ್ಪ ವೈರಿನ ನಟ್ಟು ಸಡಿಲವಾಗಿ, ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ತುಕ್ಕು ಕೆರೆದು, ಪಟ್ಟಿ ಮತ್ತೆ ಕೂರಿಸಿ, ನಟ್ಟು ಬಿಗಿದ. ಕೀಲಿ ಅರ್ಧ ತಿರುಗಿಸಿ, ಹೀಟರ್ ದೀಪ ಆರುವವರೆಗೆ ಕಾದು, ಪೂರ್ತಿ ತಿರುಗಿಸಿದ. ಪಿಕಪ್ಪು ಕೆಮ್ಮಿತು, ಕ್ಯಾಕರಿಸಿತು, ಆಮೇಲೆ ದಡದಡನೆ ಎದ್ದು ಕೂತಿತು!

“ಬಿಸಿ ಏರೋವರೆಗೂ ಆಫ್ ಮಾಡ್ಬೇಡ,” ಎಂದು ಹೊಗೆಶಾಸ್ತ್ರಿ ತನ್ನ ನಿದ್ದೆಗೆ ಮರಳಿದ. ಹೆಂಡತಿ ಮತ್ತೆ ನೀರು ಕಾಯಿಸಲು ಒಳಗೆ ಹೋದಳು.

ಹಿಂದಿನ ಸಂಜೆಯೇ ಲೋಡ್ ಆಗಿತ್ತು. ಟಾರ್ಪಾಲಿನ ಹಗ್ಗವೊಂದನ್ನು ಬಿಗಿಯೋಣವೆಂದು ಹಾಸಿಗೆಯವನು ಗಾಡಿಯ ಹಿಂದೆ ಹತ್ತಿದ. ಹತ್ತಿದವನು ಹಗ್ಗ ಹಿಡಿಯುವ ಮುಂಚೆ ಟಾರ್ಪಾಲು ಸರಿಸಿ ಮೇಲಿನ ಹಾಸಿಗೆಯನ್ನು ಒತ್ತಿ ನೋಡಿದ. ಒತ್ತಿದವನು ಕೂತ. ಕೂತವನಿಗೆ ಗುಣಮಟ್ಟ ಪರೀಕ್ಷೆ ವ್ಯಾಪಾರಿಯ ಧರ್ಮವೆನ್ನಿಸಿತು. ಮಲಗಿದ. ಚಳಿಯೆಂದು ಹಾಸಿಗೆಯ ಒಂದು ಅಂಚನ್ನು ಮೈಮೇಲೆ ಎಳೆದುಕೊಂಡು ಉರುಳಿದ. ಹಾಸಿಗೆ ಅವನನ್ನು ಸುರುಳಿಯೊಳಗೆ ತೆಗೆದುಕೊಂಡಿತು. ಕೆಳಗಿನಿಂದ ಎಂಜಿನ್ನು ಬೆನ್ನು ತಟ್ಟುತ್ತಿತ್ತು.

ಅವನು ಹೊರಟೇಬಿಟ್ಟ. ಪಿಕಪ್ಪಿನ ಚಕ್ರದಡಿ ರಸ್ತೆಯಿರಲಿಲ್ಲ, ಎಕ್ಕಿ ಹಿಂಜಿದ ಹತ್ತಿಯಿತ್ತು. ಮನೆಗಳ ಕಿಟಕಿಗಳೆಲ್ಲ ದಿಂಬುಗಳಂತೆ ಉಬ್ಬಿದ್ದವು. ಬೀದಿದೀಪಗಳು ಆಕಳಿಸಿ ಅವನಿಗೆ ದಾರಿಬಿಟ್ಟವು. ಅವನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದರಿಂದ ಮೋಡಗಳಿಗೆ ಗವಸು ಹೊಲಿಯುತ್ತ ತೇಲಿದ. ನಡುವೆ ಒಮ್ಮೆ ಅಲೆಗಳೆದ್ದವು, ಎತ್ತಿ ಎತ್ತಿ ಇಳಿಸಿದವು. ಅವನು ಅಲೆಗಳನ್ನೂ ಕೊಡವಿ ಮಡಿಸಿಟ್ಟು ಮುಂದೆ ಹೋದ.

ಆ ಅಲೆಗಳು ನಿಜವಾಗಿ ಆಸ್ಪತ್ರೆ ರಸ್ತೆಯ ಗುಂಡಿಗಳಾಗಿದ್ದವು. ಅದಕ್ಕೂ ಮುಂಚೆ, ಕಾಫಿ ಹಿಡಿದು ಹೊರಬಂದ ಹೆಂಡತಿಗೆ ಕಂಡಿದ್ದು ದಡದಡ ಎನ್ನುವ ಗಾಡಿ, ಖಾಲಿ ಸೀಟು. ಕೂಗಿದಳು, ಉತ್ತರವಿಲ್ಲ. ಫೋನ್ ಮಾಡಿದರೆ ಅದು ಬಾನೆಟ್ ಮೇಲೆಯೇ ಹೊಡೆದುಕೊಂಡಿತು. ‘ಗಾಡಿ ರಿಪೇರಿ ಮಾಡಿದೆ ಅಂತ ಬೀದಿಗೆಲ್ಲ ಸಾರೋಕೆ ಹೋಗಿದಾರೆ’ ಎಂದುಕೊಂಡಳು. ಪೂರ್ವದಲ್ಲಿ ಬೆಳಕು ಬಿಟ್ಟಿತ್ತು. ನರ್ಸುಗಳ ಪಾಳಿ ಮುಗಿಯುತ್ತ ಬಂದಿತ್ತು. ಕಾಫಿಯನ್ನು ತಾನೇ ಕುಡಿದು, ಟಾರ್ಪಾಲು ಕಟ್ಟಿ, ಮನೆಗೆ ಬೀಗ ಹಾಕಿ, ಗೇರು ಹಾಕಿದಳು. ಮೊದಲ ತಿರುವಿನಲ್ಲಿ ಬ್ರೇಕಿನಿಂದ ಕಾಲೆತ್ತಲಿಲ್ಲ. ಎರಡನೆಯದರಲ್ಲಿ ಸೀಟು ಮುಂದೆ ಎಳೆದುಕೊಂಡಳು. ಮೂರನೆಯದರಲ್ಲಿ ಹಾರನ್ನು ಹೊಡೆದಳು, ಸುಮ್ಮನೆ, ಖುಷಿಗೆ.

ವಸತಿಗೃಹದ ಬಾಗಿಲಲ್ಲಿ ವಾರ್ಡನ್ನಮ್ಮ ಕೈಯಲ್ಲಿ ಫೋನ್ ಹಿಡಿದೇ ನಿಂತಿದ್ದಳು. ಅಲ್ಲಿನ ಆಳುಗಳು ಮೇಲಿದ್ದ ಸುರುಳಿ ಹಾಸಿಗೆಯನ್ನು ಹೊತ್ತು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರು.

“ಅಕ್ಕಾ, ಇದೊಂದು ಯಾಕೋ ಭಾಳ ಭಾರ ಇದೆಯಲ್ಲ?”

“ಅಪ್ಪಟ ಹತ್ತಿ ಅಂದ್ರೆ ಹಾಗೇ ಕಣಪ್ಪಾ,” ಎಂದಳು ಹೆಂಡತಿ ಹೆಮ್ಮೆಯಿಂದ. “ಸ್ಪ್ರಿಂಗಿನ ಹಾಗೆ ಪೊಳ್ಳಲ್ಲ.”

ಮಂಚದ ಮೇಲಿಟ್ಟು ಬಿಚ್ಚಿದರು. ಮಂಕಿ ಟೋಪಿ ಮತ್ತು ಉಲ್ಲನ್ ಕಾಲುಚೀಲದ ನಡುವೆ ಒಬ್ಬ ಗಂಡಸು ಹೊರಬಿದ್ದ. ಆಗಷ್ಟೇ ಪಾಳಿ ಮುಗಿಸಿ ಬಂದ ನರ್ಸುಗಳಲ್ಲಿ ಒಬ್ಬಳು ಕಿರುಚಿದಳು, ಇನ್ನೊಬ್ಬಳು ಅಭ್ಯಾಸಬಲದಿಂದ ಅವನ ಮಣಿಕಟ್ಟು ಹಿಡಿದು, “ನಾಡಿ ಇದೆ!” ಎಂದು ಘೋಷಿಸಿದಳು.

“ಸ್ವಲ್ಪ ತಡೀರಿ,” ಎಂದ ಹಾಸಿಗೆಯವನು ಕಣ್ಣು ತೆರೆಯದೆ. “ಈಗಷ್ಟೇ ಬಿಸಿ ಆಗ್ತಾ ಇದೆ.”

“ಯಾರಮ್ಮಾ ಇದು?” ವಾರ್ಡನ್ನಮ್ಮ ಕೇಳಿದಳು.

ಹೆಂಡತಿ ಗಂಡನನ್ನು ನೋಡಿದಳು, ಆಳುಗಳನ್ನು ನೋಡಿದಳು, ಸಾವರಿಸಿಕೊಂಡಳು. “ಇದು... ಸ್ಯಾಂಪಲ್ಲು, ಮೇಡಂ.”

ಅಷ್ಟರಲ್ಲಿ ಅವನಿಗೆ ಎಚ್ಚರವಾಯಿತು. ಬಿಳಿ ಗೋಡೆ, ಬಿಳಿ ಬಟ್ಟೆ, ಸುತ್ತಲೂ ಮುಖಗಳು. ತನಗೆ ದೊಡ್ಡ ಕಾಯಿಲೆಯೇ ಬಂದಿದೆಯೆಂದು ಹೆದರಿ, “ನನ್ನ ಹೆಂಡತಿಗೆ ಹೇಳಿಕಳಿಸಿ!” ಎಂದು ಕೂಗಿದ. ಹೆಂಡತಿ ಪಕ್ಕದಲ್ಲೇ ನಿಂತು, “ಹೇಳಿ,” ಎಂದಳು.

ಇಡೀ ಕೋಣೆ ನಗುತ್ತಿತ್ತು, ವಾರ್ಡನ್ನಮ್ಮ ಮಾತ್ರ ನಗಲಿಲ್ಲ. ಹಾಸಿಗೆಯನ್ನು ಒತ್ತಿ ನೋಡಿದಳು. “ಆ ರಸ್ತೇಲಿ ನಿದ್ದೆಯಲ್ಲಿದ್ದೋರೂ ಎದ್ದು ಕೂರ್ತಾರೆ. ಇವರು ಮೆಟ್ಟಿಲು ಹತ್ತಿಸಿದ್ರೂ ಏಳಲಿಲ್ಲ!” ಎಂದು ತಲೆದೂಗಿದಳು. “ರೋಗಿಗಳ ವಾರ್ಡಿಗೂ ಇವೇ ಇರಲಿ. ನಾಳೆಯಿಂದಲೇ ತನ್ನಿ.”

ಹಾಸಿಗೆಯವನ ಎದೆಯುಬ್ಬಿತು. ಟೋಪಿ ತೆಗೆದು ಕೂದಲು ತೀಡಿಕೊಂಡ. “ನಾನೇ ಖುದ್ದಾಗಿ ಓಡಿಸಿಕೊಂಡು ಬರ್ತೀನಿ, ಮೇಡಂ.”

“ನೀವಾ?” ವಾರ್ಡನ್ನಮ್ಮ ಅವನ ಕಾಲುಚೀಲ ನೋಡಿದಳು. “ಬೇಡ. ಇವರು ಹೇಳಿದ ಹೊತ್ತಿಗೆ ಬಂದಿದಾರೆ. ಇವರೇ ಬರಲಿ.”

ಹಿಂದಿರುಗುವಾಗ ಅವನು ಪಕ್ಕದ ಸೀಟಿನಲ್ಲಿ ಕೂತ. ಮಂಜು ಕರಗಿ ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿತ್ತು. ಹೆಂಡತಿ ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದಳು. ಗಾಡಿ ಅವಳ ಮಾತು ಕೇಳುತ್ತಿತ್ತು. ಸ್ಟಿಯರಿಂಗ್ ಮರಳಿ ಕೇಳಬೇಕು, ಆದರೆ ಗಂಡಸಿನ ಗಾಂಭೀರ್ಯಕ್ಕೆ ಕುಂದು ಬರದಂತೆ ಕೇಳಬೇಕು ಎಂದು ಅವನು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದ. ವಾಕ್ಯ ಸಿದ್ಧವಾಗುವಷ್ಟರಲ್ಲಿ ಮನೆ ಬಂತು.

ಅವಳು ಎಂಜಿನ್ ನಿಲ್ಲಿಸಿ, ಕೀಲಿಯನ್ನು ತನ್ನ ಸ್ವೆಟರಿನ ಜೇಬಿಗೆ ಇಳಿಬಿಟ್ಟಳು.

“ನಾಳೆ ಬೇಗ ಎಬ್ಬಿಸ್ತೀನಿ,” ಎಂದಳು.

ಅವನ ಮುಖ ಅರಳಿತು. “ಗಾಡಿ ಓಡಿಸೋಕಾ?”

“ಅಲ್ಲ,” ಎಂದಳು ಹೆಂಡತಿ, ಬಾಗಿಲ ಬೀಗ ತೆಗೆಯುತ್ತ. “ಹಿಂದೆ ಹತ್ತಿ ಮಲಗೋಕೆ.”