ಮೀನಿನ ಮೊಟ್ಟೆಗೆ ಹೋದ ನನ್ನ ಮಾನ

ಕೆಲವರ ಮಾನ ಒಂದೇ ಸಲಕ್ಕೆ ಹೋಗಿ ಕೆಲಸ ಮುಗಿಯುತ್ತದೆ. ನನ್ನದು ಹಾಗಲ್ಲ, ತೊಂಬತ್ತರ ದಶಕದಲ್ಲಿ ಪೂರಾ ನಾಲ್ಕು ವರ್ಷ, ಮೈಸೂರಿನ ಬೀದಿಬೀದಿಯಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೋಯಿತು.

ಆಗ ನಾನು ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮೀನಿನ ಅಂಡಾಶಯದಲ್ಲಿ ಮೊಟ್ಟೆ ಮಾಗುವಾಗ ಗ್ರೋತ್ ಫ್ಯಾಕ್ಟರ್ ಎಂಬ ಬೆಳವಣಿಗೆಯ ಅಂಶಗಳು ಏನು ಮಾಡುತ್ತವೆ ಎಂಬುದು ನನ್ನ ವಿಷಯ. ಅದಕ್ಕೆ ಮೀನು ಕೊಯ್ಯಲೇಬೇಕು. ನಮ್ಮದು ಮೈಸೂರಿನ ಅಗ್ರಹಾರ ಎಂಬ ಬಡಾವಣೆಯಲ್ಲಿ ಲಿಂಗಾಯತರ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ಹೊಸಿಲು ದಾಟಿ ಒಳಗೆ ಬಂದಿದ್ದಿಲ್ಲ. ಅಮ್ಮನಿಗೆ “ಹಾರ್ಮೋನಿನ ಕೆಲಸ” ಎಂದಷ್ಟೇ ಹೇಳಿದ್ದೆ. ಮೀನಿನ ಸುದ್ದಿ ತಿಳಿದರೆ ಅವತ್ತಿಗೇ ನನ್ನ ಓದು ನಿಲ್ಲುತ್ತದೆ ಎಂಬ ಹೆದರಿಕೆ ನನಗೆ.

೧. ಮಾರ್ಕೆಟ್ಟಿನಲ್ಲಿ ದೊಡ್ಡಪ್ಪ

ನನಗೆ ಬೇಕಾದದ್ದು ಜೀವ ಇರುವ, ಹೊಟ್ಟೆ ತುಂಬ ಮೊಟ್ಟೆ ಇರುವ ಹೆಣ್ಣು ಮೀನು. ಬೆಳಿಗ್ಗೆ ಮುಚ್ಚಳದ ಬಕೆಟ್ ಹಿಡಿದು, ತಲೆ ತುಂಬ ಸೆರಗು ಹೊದ್ದು ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ನಾನು ಒಂದೊಂದೇ ಮೀನಿನ ಹೊಟ್ಟೆ ಒತ್ತಿ ನೋಡುವುದನ್ನು ಕಂಡು ಮೀನಿನವಳು, ಮನೆಯಲ್ಲಿ ಯಾರಾದರೂ ಬಸುರಿಯರಿದ್ದಾರಾ, ದಿನಾ ಮೊಟ್ಟೆ ಮೀನೇ ಕೇಳುತ್ತೀರಲ್ಲ ಎಂದು ವಿಚಾರಿಸಿದಳು. ಹೂಂ ಅಂದೆ. ಆ ಬಸುರಿಗೆ ನಾಲ್ಕು ವರ್ಷವಾದರೂ ಹೆರಿಗೆಯಾಗಲಿಲ್ಲ.

ಒಂದು ದಿನ ಹೀಗೇ ಮೀನು ಒತ್ತುತ್ತಿದ್ದಾಗ ಪಕ್ಕದಲ್ಲಿ ಇನ್ನೊಂದು ಕೈ ಬಂದು ಮೀನು ಒತ್ತಿತು. ಬೆರಳಿನ ಉಂಗುರ ಗುರುತಿನದು. ತಲೆ ಎತ್ತಿದರೆ ನಮ್ಮ ದೊಡ್ಡಪ್ಪ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್, ಹಣೆಯ ವಿಭೂತಿ ಸ್ನಾನದ ಹೊತ್ತಿನಲ್ಲಿ ಬಿಟ್ಟರೆ ಅಳಿಸಿದ್ದನ್ನು ಯಾರೂ ಕಂಡಿಲ್ಲ. ಅವತ್ತು ಹಣೆ ಬೋಳಾಗಿತ್ತು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. “ಪ್ರಯೋಗಕ್ಕೆ, ದೊಡ್ಡಪ್ಪ” ಅಂದೆ.

ದೊಡ್ಡಪ್ಪ ಒಂದು ಗಳಿಗೆ ನನ್ನ ಬಕೆಟ್ ನೋಡಿದರು, ಆಮೇಲೆ ತಮ್ಮ ಕೈಚೀಲ ನೋಡಿಕೊಂಡರು.

“ನಾನೂ ಅದಕ್ಕೇ ಕಣಮ್ಮ” ಅಂದರು.

೨. ಆರು ಹೋಳಿಗೆ

ಕುವೆಂಪುನಗರದಲ್ಲಿದ್ದ ಅಮ್ಮನ ಗೆಳತಿಯೊಬ್ಬರು ಮನೆಗೆ ಬಂದರು. ಅವರ ಸೊಸೆಗೆ ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಡಾಕ್ಟರು ಮೊಟ್ಟೆ ಸರಿಯಾಗಿ ಮಾಗುತ್ತಿಲ್ಲ ಎಂದಿದ್ದರಂತೆ. ನನ್ನ ಹಾರ್ಮೋನಿನ ವಿಚಾರ ಅಮ್ಮನಿಂದ ಕೇಳಿದ್ದರು. “ನಿನ್ನ ಕೆಲಸವೂ ಅದೇ ಅಂತಲ್ಲ, ಏನಾದರೂ ದಾರಿ ಹೇಳಮ್ಮ” ಎಂದು ಕೈ ಹಿಡಿದುಕೊಂಡರು.

ನನಗೆ ಗೊತ್ತಿರುವುದು ಮೀನಿನದು ಎಂದು ಹೇಳಬಹುದಿತ್ತು. ಅಮ್ಮ ಎದುರಿಗೇ ಹೆಮ್ಮೆಯಿಂದ ಕೂತಿದ್ದಳು. ಚಿಂತೆ ಬಿಡಲಿ, ಹೊತ್ತಿಗೆ ಸರಿಯಾಗಿ ಊಟ ಮಾಡಲಿ, ಡಾಕ್ಟರು ಹೇಳಿದ ಹಾಗೆ ಕೇಳಲಿ ಅಂದೆ.

ಅದೇ ವರ್ಷ ಆ ಸೊಸೆ ಬಸುರಿಯಾದಳು. ಡಾಕ್ಟರ ಮಾತ್ರೆಯನ್ನು ಯಾರೂ ನೆನೆಯಲಿಲ್ಲ. ನನಗೆ ಡಬ್ಬಿ ತುಂಬ ಹೋಳಿಗೆ ಬಂತು. ನಾಚಿಕೆಯಿಂದ ಒಂದೂ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆರು ತಿಂದೆ, ತುಪ್ಪ ಹಾಕಿಕೊಂಡು.

೩. ಮಂಗಳವಾರದ ಮೊಟ್ಟೆಗಳು

ಇನ್ನು ಉಳಿದದ್ದು ಹೇಳಲು ಈಗಲೂ ಮುಖ ಬಿಸಿಯಾಗುತ್ತದೆ.

ಮೊಟ್ಟೆ ಮಾಗುವಾಗ ಅದರ ನಡುವೆ ಇರುವ ಕೋಶಕೇಂದ್ರ ಅಂಚಿಗೆ ಸರಿದು ಕರಗುತ್ತದೆ. ಹಾಗಾಗಲು ಮೀನಿನ ಮಿದುಳಿನ ಬುಡದಿಂದ ಹಾರ್ಮೋನಿನ ಅಪ್ಪಣೆ ಬರಬೇಕು. ಆ ಅಪ್ಪಣೆಗೆ ಮೊಟ್ಟೆಯನ್ನು ಸಿದ್ಧಮಾಡುವುದು, ಕೆಲವು ಸಲ ತಡೆಯುವುದು ಬೆಳವಣಿಗೆಯ ಅಂಶಗಳ ಕೆಲಸ. ನಾನು ಒಂದು ತಟ್ಟೆಯ ಮೊಟ್ಟೆಗಳಿಗೆ ಆ ಅಂಶ ಹಾಕುತ್ತಿದ್ದೆ, ಇನ್ನೊಂದಕ್ಕೆ ಏನೂ ಹಾಕುತ್ತಿರಲಿಲ್ಲ. ಏನೂ ಹಾಕದ ತಟ್ಟೆಯ ಮೊಟ್ಟೆ ಮಾಗಬಾರದು. ಮಾಗಿದರೆ ಆ ದಿನದ ಪ್ರಯೋಗ ನೀರುಪಾಲು.

ನನ್ನವು ವಾರಕ್ಕೊಮ್ಮೆ ಮಾಗುತ್ತಿದ್ದವು. ನನ್ನ ಗೈಡು ನೋಟ್‌ಬುಕ್ ಮುಂದಿಟ್ಟುಕೊಂಡು, ಕೆಟ್ಟ ದಿನಗಳಿಗೆಲ್ಲ ಕೆಂಪು ಗುರುತು ಹಾಕಿದರು. ಎಲ್ಲವೂ ಮಂಗಳವಾರ.

“ನೋಡಮ್ಮ, ಮೀನು ಪಂಚಾಂಗ ನೋಡುತ್ತಾ?” ಅಂದರು.

ನಾನು ತಲೆ ತಗ್ಗಿಸಿ ನಿಜ ಹೇಳಿದೆ. ಸೋಮವಾರ ಶಿವನ ವಾರ, ಅವತ್ತು ನಾನು ಕೊಯ್ಯುವುದಿಲ್ಲ. ಸೋಮವಾರ ತಂದ ಮೀನನ್ನು ತೊಟ್ಟಿಯಲ್ಲಿ ಬಿಟ್ಟು ಮಂಗಳವಾರ ಕೊಯ್ಯುತ್ತಿದ್ದೆ. ನಾಳೆ ಸಾಯುವ ಜೀವ ಎಂದು ಮರುಕಪಟ್ಟು, ಮೂರು ಮೂರು ಸಲ ತಣ್ಣನೆಯ ಬಾವಿ ನೀರು ಬದಲಿಸುತ್ತಿದ್ದೆ. ಮೀನುಗಳು ಅದನ್ನು ತಾವು ಮೊಟ್ಟೆ ಇಡುವ ಮುಂಗಾರು ಎಂದುಕೊಂಡವು. ಮಿದುಳು ಅಪ್ಪಣೆ ಕೊಟ್ಟುಬಿಟ್ಟಿತು. ನಾನು ಕೊಯ್ಯುವ ಹೊತ್ತಿಗೆ ಮೊಟ್ಟೆಗಳು ಮಾಗಲು ಹೊರಟಾಗಿತ್ತು.

ಗೈಡು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿ ಇತ್ತು. ಮುಂದಿನ ಮಳೆಗಾಲದಲ್ಲಿ ಎಲ್ಲವನ್ನೂ ಮತ್ತೆ ಮಾಡು, ಸೋಮವಾರವೂ ಕೊಯ್ಯುವುದಾದರೆ ಮಾತ್ರ ಬಾ ಎಂದರು.

ಸೋಮವಾರ ಅಮ್ಮನ ಉಪವಾಸ. ಅವತ್ತು ಅವಳ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋಗಿ ಕತ್ತಿ ಹಿಡಿಯಲು ನನ್ನಿಂದ ಆಗುತ್ತಿರಲಿಲ್ಲ. ಸೊಪ್ಪು ಬಿಡಿಸುತ್ತಿದ್ದವಳ ಮುಂದೆ ಕೂತು ಮೀನು, ಬಕೆಟ್, ಕತ್ತಿ, ಮಂಗಳವಾರ ಮಾಗಿಬಿಟ್ಟ ಮೊಟ್ಟೆ, ಎಲ್ಲ ಹೇಳಿದೆ. ದೊಡ್ಡಪ್ಪನನ್ನು ಮಾತ್ರ ಬಿಟ್ಟೆ. ಇಲ್ಲಿವರೆಗೆ ಎಷ್ಟು ಕೊಂದಿದ್ದೀಯ ಎಂದು ಕೇಳಿದಳು. ಆರುನೂರು ಇರಬಹುದು, ಆದರೆ ಸೋಮವಾರ ಒಂದನ್ನೂ ಕೊಯ್ದಿಲ್ಲ ಎಂದೆ.

ಅಮ್ಮ ಸೊಪ್ಪಿನ ದಂಟನ್ನು ಒಂದೊಂದಾಗಿ ಮುರಿದು ಹಾಕಿದಳು. ನನ್ನ ನಾಲ್ಕು ವರ್ಷ ಆ ಸೊಪ್ಪಿನ ದಂಟಿನ ಜೊತೆ ಮುರಿಯುತ್ತಿದೆ ಅನ್ನಿಸಿತು.

“ಆರು ದಿವಸ ಕುಯ್ದು ಒಂದು ದಿವಸ ಬುಟ್ಟರೆ ಶಿವ ಮರ್ತೋಗ್ತಾನೆ ಅಂದ್ಕೊಂಡಿದ್ಯಾ? ಆ ಮೊಟ್ಟೆ ಮಾಗಿಸಿ ನಿನ್ನ ಹಿಡ್ಕೊಟ್ಟೋನು ಅವನೇ ಕಣೇ” ಅಂದಳು.

ನಾನು ಅತ್ತುಬಿಟ್ಟೆ. ಹಾಗಾದರೆ ಓದು ಬಿಟ್ಟುಬಿಡಲಾ ಎಂದು ಕೇಳಿದೆ.

“ಬಿಡೋದ್ಯಾಕೆ? ಸೋಮವಾರಾನೂ ಕುಯ್ದು ಬೇಗ ಮುಗಿಸು. ನೀನು ಡಾಕ್ಟರಾದ್ರೆ ಮೀನುಗಳಾದ್ರೂ ಬದುಕ್ಕೋತವೆ.”